ತೋಟದ ತೋಡಿಗೆ ಹಾಕಿದ ಹಳೆಯ ಮರದ ಕಾಲುಸಂಕ: ದುರಸ್ತಿಯೇ, ಹೊಸದೇ?

ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟದ ತೋಡಿಗೆ (ಸಣ್ಣ ಹಳ್ಳಕ್ಕೆ) ಹಾಕಿರುವ ಮರದ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಅಲುಗಾಡುತ್ತಿದೆ, ಹಲಗೆ ಬದಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ಹಲಗೆಯ ವಿಚಾರ ಆಮೇಲೆ. ಮೊದಲು ತೊಲೆಗಳ ತುದಿ ನೋಡಿ. ತೊಲೆ ಮುರಕಲ್ಲಿನ ಕಟ್ಟೆಯ ಮೇಲೆ ಕೂರುವ ಜಾಗದಲ್ಲಿ ಮಣ್ಣು, ತರಗೆಲೆ ಸೇರಿ ತೇವ ಆರುವುದೇ ಇಲ್ಲ. ಮರದ ತೇವಾಂಶ ಶೇ. 20ನ್ನು ದಾಟಿ ಹಾಗೆಯೇ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಒಂದು ಬೆರಳಗಲ ಸಲೀಸಾಗಿ ಒಳಹೊಕ್ಕರೆ, ಹೊರಗೆ ಮರ ಎಷ್ಟೇ ಗಟ್ಟಿಯಾಗಿ ಕಂಡರೂ ತೊಲೆಯ ಕಥೆ ಮುಗಿದಂತೆ. ದಯವಿಟ್ಟು ಮಕ್ಕಳನ್ನು ಅದರ ಮೇಲೆ ಕಳುಹಿಸಬೇಡಿ.

ಹೊಸದಕ್ಕೆ ನನ್ನ ಆಯ್ಕೆ ಗ್ಯಾಲ್ವನೈಸ್ ಮಾಡಿದ (ತುಕ್ಕು ತಡೆಯಲು ಸತುವಿನ ಲೇಪ ಕೊಟ್ಟ) ಉಕ್ಕಿನ ತೊಲೆ, ಅದರ ಮೇಲೆ ಕಿರಾಲ್ಬೋಗಿ ಎಂಬ ಗಟ್ಟಿ ಮರದ ಹಲಗೆ. ಹಲಗೆಗಳ ನಡುವೆ ನೀರಿಳಿಯಲು 8–10 ಮಿ.ಮೀ. ಸಂದು ಬಿಡಿ. ತೋಡಿನ ಮಧ್ಯೆ ಕಂಬ ಮಾತ್ರ ಬೇಡವೇ ಬೇಡ: ನೆರೆಯಲ್ಲಿ ತೇಲಿಬರುವ ಸೋಗೆ, ಮಡಲುಗಳು ಅದಕ್ಕೆ ಸಿಕ್ಕಿ ಒಡ್ಡಾಗಿ, ನೀರಿನ ಒತ್ತಡಕ್ಕೆ ಸಂಕವೇ ಕಿತ್ತುಹೋಗುತ್ತದೆ. ಹಳೆಯ ನೆರೆ ಅಡಿಕೆ ಮರಗಳಲ್ಲಿ ಉಳಿಸಿಹೋದ ಕೆಸರಿನ ಗೆರೆಗಿಂತ ಎರಡಡಿಯಾದರೂ ಎತ್ತರದಲ್ಲಿ ತೊಲೆಯ ತಳ ಇರಲಿ. ಬುಡದ ಕೆಲಸವನ್ನು ಮಾರ್ಚ್–ಏಪ್ರಿಲ್‌ನಲ್ಲಿ, ತೋಡಿನ ನೀರು ಇಳಿದಿರುವಾಗ ಮುಗಿಸಿ. ಊರವರೂ ನಡೆದಾಡುವ ದಾರಿಯಾದರೆ ಮೊದಲು ಪಂಚಾಯತಿನಲ್ಲಿ ವಿಚಾರಿಸಿ.