ಸಣ್ಣ ಸರ್ಕಾರಿ ಶಾಲೆಯಿಂದ ಮಕ್ಕಳಿಗೆ ಏನು ಲಾಭ?

ಮೂವತ್ತು ಮಕ್ಕಳೂ ಇಲ್ಲದ ಹಳ್ಳಿ ಶಾಲೆ ಯಾಕೆ, ದೊಡ್ಡ ಶಾಲೆಗೆ ಸೇರಿಸಿದರೆ ಆಗಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ದೊಡ್ಡ ಲಾಭ ಅಂದ್ರೆ ಶಾಲೆ ಹತ್ತಿರ ಇರೋದು. ಐದನೇ ತರಗತಿವರೆಗಿನ ಮಕ್ಕಳಿಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮಗಳೇ ಹೇಳುತ್ತವೆ, ಅದು ಸುಮ್ನೆ ಬರೆದದ್ದಲ್ಲ. ನಮ್ಮ ಹಾವೇರಿ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಅಪ್ಪ-ಅವ್ವ ಬೆಳಗ್ಗೆನೇ ಹೊಲಕ್ಕೆ ಹೋಗುತ್ತಾರೆ, ಆರು ವರ್ಷದ ಮಗುವನ್ನು ಬಸ್ ಹತ್ತಿಸಲು ಮನೆಯಲ್ಲಿ ಯಾರಿರುತ್ತಾರೆ? ಓಣಿಯಲ್ಲೇ ಶಾಲೆ ಇದ್ದರೆ ತಾನೇ ನಡೆದು ಹೋಗುತ್ತದೆ. ಹೋಗದಿದ್ದರೆ ಗುರುಗಳಿಗೆ ಅವತ್ತೇ ಗೊತ್ತಾಗುತ್ತದೆ, ಮನೆಗೆ ಹೇಳಿ ಕಳಿಸುತ್ತಾರೆ.

ಇನ್ನೊಂದು, ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ. ಮಕ್ಕಳು ಕಡಿಮೆ ಇದ್ದರೆ ಯಾರು ಯಾವ ಕಲಿಕೆಯ ಕಾರ್ಡಿನಲ್ಲಿ (ಪಾಠದ ಹಂತದಲ್ಲಿ) ನಿಂತಿದ್ದಾರೆ ಅಂತ ಶಿಕ್ಷಕರು ನಿಜವಾಗಿ ನೋಡಬಹುದು. ಬಿಸಿಯೂಟ, ಹಾಲು ಅಲ್ಲೂ ಸಿಗುತ್ತದೆ.

ತೊಂದರೆ ಇಲ್ಲ ಅಂತಲ್ಲ. ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಉಳಿದವರಿಗೆ ಎಲ್ಲ ತರಗತಿಯೂ ಬೀಳುತ್ತದೆ. ಅದಕ್ಕೆ ಶಾಲೆ ಮುಚ್ಚೋದಲ್ಲ, ಅತಿಥಿ ಶಿಕ್ಷಕರನ್ನು ಕೊಡಿ ಅಂತ ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಹಾಕಿಸಿ.