ಎಕ್ಸ್‌ರೇ ಸರಿ ಇದ್ದರೂ ಮಂಡಿ ಕೀಲು ತಪ್ಪಿರಬಹುದು

ಪ್ರಶ್ನೆ: ನನ್ನ ತಮ್ಮ ಬೈಕಿನಿಂದ ಬಿದ್ದ. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ. ಆದರೆ ಎಂಆರ್‌ಐಯಲ್ಲಿ ಎಸಿಎಲ್, ಪಿಸಿಎಲ್ (ಮಂಡಿಯ ನಡುವಿನ ಎರಡು ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು), ಮಂಡಿಯ ಹೊರಬದಿಯ ಲಿಗಮೆಂಟ್ ಮೂರೂ ಹರಿದಿವೆ. ಚೀಟಿಯಲ್ಲಿ ‘ಕೆಡಿ 3 ಎಲ್’ ಎಂದು ಬರೆದಿದ್ದಾರೆ. ಪಾದ ಮೇಲೆತ್ತಲು ಆಗುತ್ತಿಲ್ಲ. ಪೆಟ್ಟು ಲಿಗಮೆಂಟಿಗೆ ತಾನೇ, ರಕ್ತನಾಳದ ಸ್ಕ್ಯಾನ್ ಯಾಕೆ ಮಾಡಿಸಿದರು?
– ಒಬ್ಬ ಓದುಗರು, ಹಾಸನ

ಉತ್ತರ: ಸ್ಕ್ಯಾನ್ ಮಾಡಿಸಿದ್ದು ಸರಿಯಾಗಿಯೇ ಇದೆ. ಇಷ್ಟು ಲಿಗಮೆಂಟ್ ಒಟ್ಟಿಗೆ ಹರಿದಿವೆ ಅಂದರೆ ಬಿದ್ದ ಹೊತ್ತಿನಲ್ಲಿ ಮಂಡಿ ಕೀಲು ತಪ್ಪಿರುವ ಸಾಧ್ಯತೆ ಜಾಸ್ತಿ. ಎಷ್ಟೋ ಸಲ ಅದು ಆಸ್ಪತ್ರೆ ತಲುಪುವ ಮೊದಲೇ ತಾನಾಗಿ ಕೂತುಬಿಡುತ್ತದೆ. ಆಮೇಲೆ ತೆಗೆದ ಎಕ್ಸ್‌ರೇಯಲ್ಲಿ ಏನು ಕಾಣಬೇಕು ಹೇಳಿ?

ಮಂಡಿಯ ಹಿಂದೆ ಪಾಪ್ಲಿಟಿಯಲ್ ಎಂಬ ದೊಡ್ಡ ರಕ್ತನಾಳವಿದೆ. ಮೇಲೂ ಕೆಳಗೂ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಕೀಲು ತಪ್ಪಿದಾಗ ಅದಕ್ಕೆ ಸರಿದುಕೊಳ್ಳಲು ಜಾಗವಿಲ್ಲ. ಕೆಲವೊಮ್ಮೆ ಒಳಪದರ ಮಾತ್ರ ಹರಿದು, ಪಾದದಲ್ಲಿ ನಾಡಿ ಸಿಗುತ್ತಲೇ ಇರುತ್ತದೆ. ಗಂಟೆಗಳ ನಂತರ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು. ಅದಕ್ಕೇ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡುತ್ತೇವೆ. 0.9ಕ್ಕಿಂತ ಕಡಿಮೆ ಬಂದರೆ ಸಿಟಿ ಆಂಜಿಯೊ, ಅಂದರೆ ರಕ್ತನಾಳದ ಸ್ಕ್ಯಾನ್ ಬೇಕು. ರಕ್ತ ನಿಂತ ಕಾಲಿಗೆ ಇರುವುದು 6ರಿಂದ 8 ಗಂಟೆ. ಲಿಗಮೆಂಟಿಗಾದರೆ ವಾರಗಳ ಸಮಯವಿದೆ. ಉಳುಕು ಅಂದುಕೊಂಡು ಎಣ್ಣೆ ತಿಕ್ಕಿಸಿ, ಬಿಗಿಯಾಗಿ ಕಟ್ಟು ಹಾಕಿಸಿ, ಮಾರನೇ ದಿನ ಬರುವವರನ್ನು ನೋಡಿದರೆ ನಮಗೆ ಭಯವಾಗುವುದು ಈ ಲೆಕ್ಕಕ್ಕೇ.

ಇನ್ನು ಆ ಚೀಟಿ. ‘ಕೆಡಿ’ ಅಂದರೆ ಇಂಗ್ಲಿಷಿನಲ್ಲಿ ‘ನೀ ಡಿಸ್‌ಲೊಕೇಶನ್’, ಮಂಡಿ ಕೀಲು ತಪ್ಪುವುದು. ‘ಕೆಡಿ 3’ ಅಂದರೆ ನಡುವಿನ ಎರಡೂ ಲಿಗಮೆಂಟ್ ಜೊತೆಗೆ ಒಂದು ಬದಿಯದೂ ಹೋಗಿದೆ ಎಂದು. ‘ಎಲ್’ ಅಂದರೆ ಆ ಬದಿ ಹೊರಗಿನದು. ಎರಡೂ ಬದಿಯವು ಸೇರಿ ನಾಲ್ಕೂ ಹೋದರೆ ಕೆಡಿ 4. ಮಂಡಿ ಹೊರಕ್ಕೆ ಬಿಲ್ಲಿನಂತೆ ಬಾಗಿದಾಗ ಹೊರಬದಿ ಹರಿಯುತ್ತದೆ. ಅಲ್ಲೇ, ಮಂಡಿಯ ಕೆಳಗೆ ಹೊರಬದಿಯಲ್ಲಿರುವ ಸಣ್ಣ ಮೂಳೆ ಫಿಬುಲಾದ ಕತ್ತನ್ನು ಸುತ್ತಿಕೊಂಡು ಪೆರೋನಿಯಲ್ ನರ ಹೋಗುತ್ತದೆ. ಅದೂ ಎಳೆದುಹೋದರೆ ಪಾದ ಜೋಲುತ್ತದೆ. ನಿಮ್ಮ ತಮ್ಮನಿಗೆ ಆಗಿರುವುದು ಬಹುಶಃ ಇದೇ. ಪಾದಕ್ಕೆ ಈಗಲೇ ಸ್ಪ್ಲಿಂಟ್ (ಆಸರೆ ಪಟ್ಟಿ) ಹಾಕಿಸಿ, ಸುಮ್ನೆ ಬಿಟ್ಟರೆ ಹಿಮ್ಮಡಿಯ ಸ್ನಾಯು ಬಿಗಿದುಕೊಳ್ಳುತ್ತದೆ. ನರ ಚೇತರಿಸಲು ತಿಂಗಳುಗಳೇ ಬೇಕು. ಎಲ್ಲರಿಗೂ ಪೂರ್ತಿ ಮರಳುವುದಿಲ್ಲ.

ಒಳಬದಿಯ ಲಿಗಮೆಂಟ್ ಎಷ್ಟೋ ಸಲ ಮಂಡಿಗೆ ಆಸರೆಯಾಗಿ ಕಟ್ಟುವ ಬ್ರೇಸ್‌ನಲ್ಲೇ ಕೂಡಿಕೊಳ್ಳುತ್ತದೆ. ಹೊರಬದಿಯದು ಪೂರ್ತಿ ಹರಿದರೆ ಹಾಗೆ ಕೂಡುವುದು ಅಪರೂಪ. ರಕ್ತನಾಳ, ಚರ್ಮ ಎರಡೂ ಸರಿಯಿದ್ದರೆ ಸುಮಾರು 3 ವಾರದೊಳಗೆ ಆಪರೇಷನ್ ಮಾಡುವುದು ಒಳ್ಳೆಯದು. ಡಾಕ್ಟರನ್ನು ಒಂದು ಮಾತು ಖಂಡಿತ ಕೇಳಿ: ಹೊರಬದಿಯನ್ನೂ ಸರಿಪಡಿಸುತ್ತೀರಾ? ಅದನ್ನು ಸಡಿಲ ಬಿಟ್ಟು ಎಸಿಎಲ್ ಮಾತ್ರ ಹಾಕಿದರೆ ಹೊಸ ಎಸಿಎಲ್ ಮೇಲೆ ಭಾರ ಬಿದ್ದು ಅದೂ ಕೈಕೊಡಬಹುದು.

ಪ್ರಶ್ನೆ: ಕಾರು ಗುದ್ದಿದಾಗ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದು ನನ್ನ ಪಿಸಿಎಲ್ ಹರಿದಿದೆ. ಬೇರೇನೂ ಹರಿದಿಲ್ಲ. ಆಪರೇಷನ್ ಬೇಕೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಪಿಸಿಎಲ್ ಒಂದೇ ಹರಿದು, ಮಂಡಿ ತುಂಬಾ ಸಡಿಲವಾಗಿಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಬ್ರೇಸ್, ಆಮೇಲೆ ತೊಡೆಯ ಮುಂಭಾಗದ ಸ್ನಾಯುವಿಗೆ ಫಿಸಿಯೋಥೆರಪಿ ಸಾಕಾಗುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಹೊಡೆತ ತೊಡೆಮೂಳೆಯ ಮೂಲಕ ಮೇಲಕ್ಕೂ ಹೋಗುತ್ತದೆ. ಸೊಂಟದ ಕೀಲಿನ ಎಕ್ಸ್‌ರೇ ತೆಗೆದಿದ್ದಾರಾ? ಇಲ್ಲದಿದ್ದರೆ ಅದನ್ನು ಮೊದಲು ತೆಗೆಸಿ.