ಸ್ಯಾಕ್ ಲೆಕ್ಕ ಬಿಡಿ, 58ನೇ ನಂಬರಿನವನ ಕಾಲು ನೋಡಿ

ನೀವು ಕೇಳಿರುವುದು ಎರಡು ವಿಷಯ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೊಸ ಆಫೆನ್ಸಿವ್ ಲೈನ್‌ಮನ್ (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರಲ್ಲಿ ಒಬ್ಬ) ಚೆನ್ನಾಗಿ ಆಡಿದನಾ ಇಲ್ವಾ ಅಂತ ಮ್ಯಾಚನ್ನು ಮತ್ತೊಮ್ಮೆ ನೋಡುವಾಗ ಹೇಗೆ ಗೊತ್ತುಮಾಡಿಕೊಳ್ಳುವುದು ಅನ್ನುವುದು ಒಂದು. ಡೆಟ್ರಾಯ್ಟ್ ಲಯನ್ಸ್ ಸೋತಿದ್ದರೂ ಅವರ ಲೈನ್‌ಮನ್ ಪೆನೇ ಸೂವೆಲ್‌ನ ಮೊದಲ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ಮ್ಯಾಚನ್ನು ಜನ ಯಾಕೆ ಅಷ್ಟು ಹೊಗಳುತ್ತಾರೆ ಅನ್ನುವುದು ಇನ್ನೊಂದು. ಎರಡಕ್ಕೂ ಒಟ್ಟಿಗೇ ಉತ್ತರ ಹೇಳುತ್ತೇನೆ. ಲೈನ್ ಆಟ ನೋಡಲು ಕಲಿಯುವವರಿಗೆ ನಾನು ಮೊದಲು ಹೇಳುವುದೇ ಆ ಮ್ಯಾಚನ್ನು.

ಮೊದಲು ಅವತ್ತಿನ ಪರಿಸ್ಥಿತಿ ಗೊತ್ತಿರಬೇಕು, ಅದಿಲ್ಲದೆ ನೋಡಿದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. 2021ರ ಸೆಪ್ಟೆಂಬರ್ 12, ಫೋರ್ಡ್ ಫೀಲ್ಡ್, ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್. ಡ್ಯಾನ್ ಕ್ಯಾಂಪ್‌ಬೆಲ್ ಲಯನ್ಸ್ ಕೋಚ್ ಆದ ಮೇಲಿನ ಮೊದಲ ಮ್ಯಾಚ್. ಸೂವೆಲ್‌ಗೆ ಆಗ ಇನ್ನೂ 20 ವರ್ಷ. ಡ್ರಾಫ್ಟಿನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವಾಗ, 7ನೆಯವನಾಗಿ ಬಂದ ಹುಡುಗ. ಓರೆಗನ್ ಕಾಲೇಜಿನಲ್ಲಿ ಲೆಫ್ಟ್ ಟ್ಯಾಕಲ್ (ಲೈನಿನ ಎಡ ತುದಿಯವನು) ಆಡಿ 2019ರಲ್ಲಿ ಕಾಲೇಜಿನ ಅತ್ಯುತ್ತಮ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದಿದ್ದ. ಆಮೇಲೆ ಕೋವಿಡ್ ಬಂತು, 2020ರ ಸೀಸನ್ ಆಡುವುದಿಲ್ಲ ಅಂತ ಹಿಂದೆ ಸರಿದ. ಅಂದರೆ ಪ್ರೀಸೀಸನ್ (ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳು) ಬಿಟ್ಟರೆ ಅವನು ಅದಕ್ಕೆ ಮುಂಚೆ ಆಡಿದ್ದ ನಿಜವಾದ ಮ್ಯಾಚ್ 2020ರ ಜನವರಿ 1ರ ರೋಸ್ ಬೌಲ್ ಅನ್ನುವ ಕಾಲೇಜು ಪಂದ್ಯ. ಮಧ್ಯೆ 20 ತಿಂಗಳ ಅಂತರ!

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಲಯನ್ಸ್‌ನಲ್ಲಿ ಆಗ ಲೆಫ್ಟ್ ಟ್ಯಾಕಲ್ ಜಾಗ ಟೇಲರ್ ಡೆಕರ್‌ನದ್ದು. ಹಾಗಾಗಿ ಕ್ಯಾಂಪ್ ಪೂರ್ತಿ ಸೂವೆಲ್‌ಗೆ ರೈಟ್ ಟ್ಯಾಕಲ್ ಕಲಿಸಿದರು. ಪ್ರೀಸೀಸನ್ನಿನಲ್ಲಿ ಬಲಗಡೆ ಅವನು ಒದ್ದಾಡಿದ, ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಮ್ಯಾಚಿನ ವಾರದಲ್ಲೇ ಡೆಕರ್ ಬೆರಳಿಗೆ ಪೆಟ್ಟಾಯಿತು. ಸರಿ, ನೀನು ಎಡಗಡೆ ಹೋಗು ಅಂತ ಸೂವೆಲ್‌ನನ್ನು ಕಳಿಸಿದರು. ಎದುರಿಗೆ ಬಂದು ಹೋಗುವವರು ಯಾರು ಅಂದರೆ ಫಾರ್ಟಿನೈನರ್ಸ್ ರಷರ್‌ಗಳು (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರು) ನಿಕ್ ಬೋಸಾ ಮತ್ತು ಡೀ ಫೋರ್ಡ್. ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಬಲಗೈಯವನು, ಎಡಗಡೆಯಿಂದ ಬರುವವನು ಅವನ ಬೆನ್ನಿಗೆ ಬರುತ್ತಾನೆ. ಅಲ್ಲಿ ಒಂದು ತಪ್ಪು ಆದರೆ ಚೆಂಡೂ ಹೋಯಿತು, ಗಾಫೂ ಹೋದ.

ಈಗ ನೋಡುವ ವಿಧಾನಕ್ಕೆ ಬರೋಣ. ಟಿವಿ ಪ್ರಸಾರ ನೋಡಿ ಲೈನ್‌ಮನ್ ಬಗ್ಗೆ ಏನೂ ಹೇಳಬೇಡಿ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನಮ್ಮ ಕಣ್ಣೂ ಅದರ ಜೊತೆಗೇ ಓಡುತ್ತದೆ. ಕೋಚ್‌ಗಳು ನೋಡುವ ಆಲ್-22 ಫಿಲ್ಮ್ (22 ಆಟಗಾರರೂ ಕಾಣುವ ಚಿತ್ರೀಕರಣ) ಲೀಗ್‌ನ ಸ್ಟ್ರೀಮಿಂಗ್ ಸೇವೆ ಎನ್‌ಎಫ್‌ಎಲ್ ಪ್ಲಸ್ ಪ್ರೀಮಿಯಂನಲ್ಲಿ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಅದರಲ್ಲೂ ಎಂಡ್‌ಜೋನ್ (ಮೈದಾನದ ತುದಿ) ಹಿಂದಿನಿಂದ ತೆಗೆದ ಕೋನವೇ ಬೇಕು. ಸೈಡ್‌ಲೈನ್ ಕೋನದಲ್ಲಿ ಐದೂ ಜನ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಕಾಣುತ್ತಾರೆ, ಯಾರು ಎಲ್ಲಿದ್ದಾರೆ ಅಂತಲೇ ತಿಳಿಯುವುದಿಲ್ಲ. ಆಮೇಲೆ ಒಬ್ಬನೇ ಒಬ್ಬನನ್ನು ನೋಡಿ. ಈ ಮ್ಯಾಚಲ್ಲಿ 58ನೇ ನಂಬರ್, ಅಂದರೆ ಸೂವೆಲ್. ಪಾಸ್ ಯಾರಿಗೆ ಹೋಯಿತು, ಎಷ್ಟು ಯಾರ್ಡ್ ಬಂತು, ಆ ಚಿಂತೆ ಬಿಡಿ. ಒಂದೊಂದು ಆಟವನ್ನೂ ಮೊದಲು ಕಾಲಿಗಾಗಿ, ಆಮೇಲೆ ಕೈಗಾಗಿ, ಕೊನೆಗೆ ಅಕ್ಕಪಕ್ಕದವರಿಗಾಗಿ ಹಿಂದೆ ಮುಂದೆ ಓಡಿಸಿ ನೋಡಿ.

ಕಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ. ಪಾಸ್ ಆಟದಲ್ಲಿ ಸ್ನ್ಯಾಪ್ ಆದ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ) ತಕ್ಷಣ ಲೆಫ್ಟ್ ಟ್ಯಾಕಲ್ ಎಡಗಾಲನ್ನು ಹಿಂದಕ್ಕೆ ಮತ್ತು ಸ್ವಲ್ಪ ಹೊರಕ್ಕೆ ಹಾಕುತ್ತಾನೆ. ಬಲಗಾಲು ಅದರ ಹಿಂದೆ ನೆಲ ಉಜ್ಜಿದ ಹಾಗೆ ಸರಿಯಬೇಕು. ಎರಡು ಕಾಲು ಒಂದಕ್ಕೊಂದು ಅಡ್ಡ ಬರಬಾರದು, ತೀರಾ ಹತ್ತಿರವೂ ಬರಬಾರದು. ಸೊಂಟ ಕೆಳಗಿರಬೇಕು, ಎದೆ ಆದಷ್ಟು ಹೊತ್ತು ಎದುರಾಳಿ ಕಡೆಗೇ ಇರಬೇಕು. ಹೊರಗಿನಿಂದ ಸುತ್ತಿ ಬರುತ್ತಾನೇನೋ ಅನ್ನುವ ಹೆದರಿಕೆಯಲ್ಲಿ ಬೇಗ ಸೊಂಟ ತಿರುಗಿಸಿಬಿಟ್ಟರೆ ಒಳಗಡೆ ದಾರಿ ತೆರೆದುಕೊಳ್ಳುತ್ತದೆ, ಬೋಸಾ ಅಂಥವನು ಅದಕ್ಕೇ ಕಾಯುತ್ತಿರುತ್ತಾನೆ. ಹುಡುಗರು ಸಾಮಾನ್ಯವಾಗಿ ಸೋಲುವುದು ಇಲ್ಲೇ. ಎನ್‌ಎಫ್‌ಎಲ್ ವೇಗ ನೋಡಿ ಗಾಬರಿಯಾಗಿ ಜಾಸ್ತಿ ಹಿಂದೆ ಓಡುತ್ತಾರೆ.

ಬಲಗಡೆ ಆಡಿದರೆ ಇದೆಲ್ಲ ಉಲ್ಟಾ. ಒದೆಯುವ ಕಾಲು ಬೇರೆ, ಮೊದಲು ತಾಗುವ ಕೈ ಬೇರೆ, ಸ್ಟಾನ್ಸ್‌ನಲ್ಲಿ (ನಿಲ್ಲುವ ಭಂಗಿಯಲ್ಲಿ) ಭಾರ ಬೀಳುವ ಕಡೆ ಬೇರೆ. ಪ್ರೀಸೀಸನ್ನಿನ ಸೂವೆಲ್‌ನನ್ನೂ ಈ ಮ್ಯಾಚಿನ ಸೂವೆಲ್‌ನನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಲಗಡೆ ಇದ್ದಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಹಾಕುತ್ತಿದ್ದ. ಎಡಗಡೆ ಬಂದ ಮೇಲೆ ದೇಹವೇ ಕೆಲಸ ಮಾಡಿತು. ಅಷ್ಟು ದೊಡ್ಡ ಹುಡುಗ, 150 ಕಿಲೋ ತೂಕ, ಆ ಎಡಗಾಲು ಹಿಂದೆ ಹೋಗುವ ಸಲೀಸು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಕೈಯ ಕೆಲಸ ಹೆಚ್ಚುಕಡಿಮೆ ಕುಸ್ತಿಯ ಪಟ್ಟು. ಯಾರ ಕೈ ಮೊದಲು ಒಳಗೆ ಹೋಗಿ ಎದೆಗೆ ತಾಗುತ್ತದೋ ಅವನ ಕೈ ಮೇಲಾಗುತ್ತದೆ. ಬೋಸಾನ ಬಲ ಇರುವುದೇ ಕೈಯಲ್ಲಿ: ಚಾಚಿದ ತೋಳನ್ನು ಕತ್ತರಿಸಿದ ಹಾಗೆ ಹೊಡೆದು ಕೆಳಗೆ ಹಾಕಿ, ಭುಜ ಬಗ್ಗಿಸಿ ನುಸುಳುತ್ತಾನೆ. ಇಲ್ಲವಾದರೆ ನೇರವಾಗಿ ಎದೆಗೆ ಗುದ್ದಿ ಹಿಂದಕ್ಕೆ ತಳ್ಳುತ್ತಾನೆ. ಟ್ಯಾಕಲ್ ಎರಡು ಹೆಜ್ಜೆ ಹಿಂದೆ ಹೋದ ಮಾತ್ರಕ್ಕೆ ಸೋತ ಅಂತ ಬರೆಯಬೇಡಿ. ಆ ಎರಡು ಹೆಜ್ಜೆ ಆದಮೇಲೆ ಸೊಂಟ ಇಳಿಸಿ ನಿಂತನಾ ಅನ್ನುವುದು ಮುಖ್ಯ. ನಿಂತು, ಗಾಫ್‌ಗೆ ಮುಂದೆ ಹೆಜ್ಜೆ ಇಡುವಷ್ಟು ಜಾಗ ಉಳಿದಿದ್ದರೆ ಆ ಆಟ ಟ್ಯಾಕಲ್‌ನದ್ದೇ. ಸೂವೆಲ್‌ನಲ್ಲಿ ಆ ವರ್ಷ ಒಂದು ದೋಷ ಇತ್ತು, ಅದನ್ನು ಮುಚ್ಚಿಡುವುದಿಲ್ಲ: ತಲೆ ಮತ್ತು ಎದೆಯನ್ನು ಮುಂದಕ್ಕೆ ಚಾಚಿ ಮೈಭಾರ ಹಾಕುವ ಅಭ್ಯಾಸ. ಎದುರಾಳಿ ಕೈ ತಪ್ಪಿಸಿಕೊಂಡರೆ ಇವನು ಮುಗ್ಗರಿಸುತ್ತಾನೆ. ಹೊಗಳಿಕೆ ಓದಿಕೊಂಡು ಫಿಲ್ಮ್ ನೋಡುವವರು ಇದನ್ನು ಗಮನಿಸುವುದೇ ಇಲ್ಲ.

ಸ್ಯಾಕ್ ಆದರೆ, ಅಂದರೆ ಪಾಸ್ ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ, ಹತ್ತಿರ ನಿಂತವನ ತಲೆಗೆ ಕಟ್ಟುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಮಾಡಬೇಡಿ. ಲೈನ್ ಪೂರ್ತಿ ಬಲಕ್ಕೆ ಸರಿಯುವ ರಕ್ಷಣೆ ಇದ್ದು, ಎಡ ಅಂಚಿನವನನ್ನು ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ತಡೆಯಬೇಕಿದ್ದರೆ ಟ್ಯಾಕಲ್‌ನನ್ನು ಬೈದು ಏನು ಪ್ರಯೋಜನ? ಇಬ್ಬರು ಡಿಫೆಂಡರ್‌ಗಳು ಜಾಗ ಬದಲಿಸಿಕೊಂಡು ನುಗ್ಗುವ ಸ್ಟಂಟ್ ಬಂದಾಗ ಪಕ್ಕದ ಗಾರ್ಡ್‌ನನ್ನೂ (ಟ್ಯಾಕಲ್‌ನ ಒಳಬದಿಯ ಲೈನ್‌ಮನ್) ಸೇರಿಸಿ ನೋಡಿ, ಒಬ್ಬನನ್ನು ಇನ್ನೊಬ್ಬನಿಗೆ ಒಪ್ಪಿಸಿದರಾ, ಇಬ್ಬರೂ ಒಬ್ಬನ ಹಿಂದೆಯೇ ಹೋದರಾ ಅಂತ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಷ್ಟು ಹೊತ್ತು ಹಿಡಿದುಕೊಂಡ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಮೂರೂವರೆ ಸೆಕೆಂಡ್ ಆದಮೇಲೆ ಬಂದ ಸ್ಯಾಕ್ ನನ್ನ ಲೆಕ್ಕದಲ್ಲಿ ಲೈನ್‌ನದ್ದಲ್ಲ.

ಇದರ ಇನ್ನೊಂದು ಮುಖವೂ ಇದೆ. ಲೈನಿನ ಪಕ್ಕದಲ್ಲಿ ನಿಲ್ಲುವ ಟೈಟ್ ಎಂಡ್ ಹೋಗುವ ದಾರಿಯಲ್ಲಿ ರಷರ್‌ಗೆ ಭುಜ ಕೊಟ್ಟು ಹೋದ ಆಟ, ಸ್ಕ್ರೀನ್ ಪಾಸ್ (ರಷರ್‌ಗಳನ್ನು ನುಗ್ಗಲು ಬಿಟ್ಟು ಹತ್ತಿರದವನಿಗೆ ಎಸೆಯುವುದು), ಒಂದೂವರೆ ಸೆಕೆಂಡಿನಲ್ಲಿ ಚೆಂಡು ಕೈಬಿಟ್ಟ ಆಟ, ಇವುಗಳಲ್ಲಿ ಟ್ಯಾಕಲ್ ಗೆದ್ದರೂ ಅದಕ್ಕೆ ಸುಮ್ನೆ ಅಂಕ ಕೊಡಬೇಡಿ. ಒಬ್ಬನೇ, ಪೂರ್ತಿ ಹಿಂದೆ ಸರಿದು, ಸಹಾಯ ಇಲ್ಲದೆ ನಿಂತ ಆಟಗಳನ್ನು ಬೇರೆ ಪಟ್ಟಿ ಮಾಡಿ. ಹುಡುಗನ ಬೆಲೆ ಆ ಪಟ್ಟಿಯಲ್ಲಿರುತ್ತದೆ.

ಈ ಮ್ಯಾಚ್ ಪಾಠವಾಗುವುದು ಅದೇ ಕಾರಣಕ್ಕೆ. ಅರ್ಧ ಸಮಯಕ್ಕೆ ಫಾರ್ಟಿನೈನರ್ಸ್ 31-10ರಿಂದ ಮುಂದೆ. ಮೂರನೇ ಕ್ವಾರ್ಟರ್‌ನಲ್ಲಿ 38-10. ಇನ್ನು ಲಯನ್ಸ್ ಎಸೆಯುವುದು ಬಿಟ್ಟು ಬೇರೇನೂ ಮಾಡುವಂತಿಲ್ಲ ಅಂತ ಎಲ್ಲರಿಗೂ ಗೊತ್ತು. ಗಾಫ್ ಆ ದಿನ ಎಸೆದದ್ದು 57 ಪಾಸ್! ರನ್ (ಎಸೆಯದೆ ಚೆಂಡು ಹಿಡಿದು ಓಡುವ ಆಟ) ಬರಬಹುದು ಅನ್ನುವ ಅನುಮಾನ ಇದ್ದರೆ ರಷರ್ ಒಂದು ಕ್ಷಣ ತಡೆಯುತ್ತಾನೆ. ಇಲ್ಲಿ ಆ ಅನುಮಾನವೇ ಇಲ್ಲ, ಕಿವಿ ಹಿಂದಕ್ಕೆ ಮಡಚಿ ಓಡಿ ಬರುವುದೊಂದೇ. 20 ತಿಂಗಳಿಂದ ಮ್ಯಾಚ್ ಆಡದ, ವಾರದ ಹಿಂದೆ ಬೇರೆ ಜಾಗದಲ್ಲಿದ್ದ ಹುಡುಗ ಅಂಥ ಹೊತ್ತಿನಲ್ಲಿ ಕೈಚೆಲ್ಲಲಿಲ್ಲ. ಲಯನ್ಸ್ ಕೊನೆಯ ಎರಡು ನಿಮಿಷದಲ್ಲಿ 16 ಅಂಕ ಹೊಡೆದು 41-33ಕ್ಕೆ ತಂದರು. ಅದರಲ್ಲಿ ಗಾಫ್, ರಿಸೀವರ್‌ಗಳ ಹೆಸರು ಬರುತ್ತದೆ, ಸರಿ. ಆದರೆ ಗಾಫ್‌ಗೆ ಎಸೆಯಲು ಸಮಯ ಎಲ್ಲಿಂದ ಬಂತು ಅಂತಲೂ ಕೇಳಬೇಕಲ್ವಾ?

ರನ್ ಬ್ಲಾಕಿಂಗ್ (ಓಡುವವನಿಗೆ ದಾರಿ ಮಾಡಿಕೊಡುವುದು) ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕೋರ್ ಹಾಗಿದ್ದ ಮೇಲೆ ರನ್ ಆಟಗಳೇ ಕಡಿಮೆ, ಅಷ್ಟರಲ್ಲಿ ತೀರ್ಪು ಕೊಡಲು ಆಗುವುದಿಲ್ಲ.

ನನ್ನ ಅಂದಾಜು ಕೇಳಿದರೆ: ಪಾಸ್ ರಕ್ಷಣೆ ತುಂಬಾ ಚೆನ್ನಾಗಿತ್ತು, ತಾಂತ್ರಿಕವಾಗಿ ಇನ್ನೂ ಒರಟು, ಧೈರ್ಯಕ್ಕೆ ಪೂರ್ತಿ ಅಂಕ. ನವೆಂಬರ್‌ನಲ್ಲಿ ಡೆಕರ್ ವಾಪಸ್ ಬಂದ, ಸೂವೆಲ್ ಮತ್ತೆ ಬಲಗಡೆಗೆ ಹೋದ, ಅಲ್ಲಿಂದಲೇ 2023 ಮತ್ತು 2024ರಲ್ಲಿ ಆಲ್-ಪ್ರೋ (ವರ್ಷದ ಶ್ರೇಷ್ಠ ಆಟಗಾರರ ಪಟ್ಟಿ) ಆದ. ಮಧ್ಯೆ 2024ರ ಏಪ್ರಿಲ್‌ನಲ್ಲಿ 4 ವರ್ಷಕ್ಕೆ 112 ಮಿಲಿಯನ್ ಡಾಲರ್ ಒಪ್ಪಂದ. ಇದನ್ನೆಲ್ಲ ತಿಳಿದುಕೊಂಡು ಮೊದಲ ಮ್ಯಾಚ್ ನೋಡಿದರೆ ಪ್ರತಿ ಹೆಜ್ಜೆಯೂ ಅದ್ಭುತ ಅನಿಸುತ್ತದೆ, ಅದು ಮೋಸ. 20 ವರ್ಷದ ಹೆಸರಿಲ್ಲದ ಹುಡುಗನನ್ನು ನೋಡಿದ ಹಾಗೇ ನೋಡಿ.

ಪೂರ್ತಿ ಮ್ಯಾಚಿಗೆ ಸಮಯ ಇಲ್ಲದಿದ್ದರೆ ನಾಲ್ಕನೇ ಕ್ವಾರ್ಟರ್‌ನಿಂದಲೇ ಶುರು ಮಾಡಿ. ಪ್ರತಿ ಪಾಸಿಗೂ 58ರ ಎಡಗಾಲು ನೋಡಿ, ಎದುರಿಗೆ 97 (ಬೋಸಾ) ಇದ್ದಾನಾ 55 (ಫೋರ್ಡ್) ಇದ್ದಾನಾ ಅಂತ ಪಕ್ಕದಲ್ಲಿ ಬರೆದುಕೊಳ್ಳಿ, ಯಾಕಂದರೆ ಬೋಸಾ ಮತ್ತು ಫೋರ್ಡ್ ನುಗ್ಗುವ ರೀತಿಯೇ ಬೇರೆ ಬೇರೆ. ಆಮೇಲೆ ಮೊದಲ ಕ್ವಾರ್ಟರ್‌ಗೆ ಹೋಗಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಒಂದೆರಡು ಆಟ ಹಿಡಿದು ಮಾತಾಡೋಣ.